ಸತ್ತ ರಾಜಕುಮಾರನ ಪಕ್ಕದಲ್ಲಿ: ಕನ್ನಡದ ಅದ್ಭುತ ಪ್ರಣಯಕಥನಗಳಲ್ಲಿ ಹೆಣ್ಣು–ಗಂಡಿನ ಪಾತ್ರವಿಪರ್ಯಯ

ಕನ್ನಡದಲ್ಲಿ ದೀರ್ಘವಾದ ಗದ್ಯಕಥನವನ್ನು ನಾವು ‘ಕಾದಂಬರಿ’ ಎನ್ನುತ್ತೇವೆ. ಇದು ಮೂಲತಃ ಸಾಹಿತ್ಯಪ್ರಕಾರವೊಂದರ ಹೆಸರಲ್ಲ, ಒಬ್ಬ ಹೆಣ್ಣಿನ ಹೆಸರು. 7ನೆಯ ಶತಮಾನದಲ್ಲಿ ಬಾಣಭಟ್ಟನು ಆರಂಭಿಸಿ, ಅವನ ಮರಣಾನಂತರ ಅವನ ಮಗನು ಪೂರ್ಣಗೊಳಿಸಿದ ಸಂಸ್ಕೃತ ಗದ್ಯಕಾವ್ಯದ ನಾಯಕಿ ಅವಳು. ಹೇಮಕೂಟದ ಗಂಧರ್ವ ರಾಜಕುಮಾರಿ. 10ನೆಯ ಶತಮಾನದ ಕೊನೆಯ ಹೊತ್ತಿಗೆ ಒಂದನೆಯ ನಾಗವರ್ಮನು ಆ ಕಥೆಯನ್ನು ‘ಕರ್ಣಾಟಕ ಕಾದಂಬರಿ’ ಎಂಬ ಚಂಪೂಕಾವ್ಯವಾಗಿ ಕನ್ನಡಿಸಿದನು. ಮುಂದೆ ಪಾಶ್ಚಾತ್ಯ ಮಾದರಿಯ ಕಥನಪ್ರಕಾರವು ನಮ್ಮಲ್ಲಿಗೆ ಬಂದಾಗ ಮರಾಠಿಯಂತೆಯೇ ಕನ್ನಡವೂ ಅದಕ್ಕೆ ಈ ನಾಯಕಿಯ ಹೆಸರನ್ನೇ ಇಟ್ಟುಕೊಂಡಿತು. ಶಾಪ, ಪುನರ್ಜನ್ಮ, ಮಾತಾಡುವ ಗಿಳಿ, ಕೆಡದೆ ಉಳಿಯುವ ಶವ ಇವೆಲ್ಲ ಇರುವ ಒಂದು ಅದ್ಭುತ ಪ್ರಣಯಕಥೆಯ ನಾಯಕಿಯು ವಾಸ್ತವವಾದೀ ಸಾಹಿತ್ಯಪ್ರಕಾರವೊಂದಕ್ಕೆ ಹೆಸರು ಕೊಟ್ಟದ್ದು ವಿನೋದದ ಸಂಗತಿಯೇ. ಆದರೆ ಅವಳು ಆ ಕಥೆಯಲ್ಲಿ ಮಾಡುವ ಕೆಲಸವೇನು ಎಂಬುದನ್ನು ನಮ್ಮ ವಿಮರ್ಶೆ ಅಷ್ಟಾಗಿ ಗಮನಿಸಿಲ್ಲ.

ಪ್ರಣಯಕಥೆಯಲ್ಲಿ ಹೆಣ್ಣು–ಗಂಡಿನ ರೂಢಿಯ ಪಾತ್ರಗಳು ಅದಲುಬದಲಾಗುವುದನ್ನು ಕುರಿತು ಮಾತು ಬಂದಾಗಲೆಲ್ಲ ಕನ್ನಡದ ಅಧ್ಯಯನಕಾರರು ಮೊದಲು ಹೆಸರಿಸುವುದು ಪ್ರಮೀಳೆಯನ್ನು. ಕುದುರೆಯನ್ನು ಕಟ್ಟುವವಳು, ಬಿಲ್ಲು ಹಿಡಿಯುವವಳು, ರಾಜ್ಯವಾಳುವವಳು, ಗಂಡನ್ನು ತಾನೇ ಕೇಳುವವಳು. ಇಂದು ಲೋಕದ ಎಲ್ಲ ಭಾಷೆಗಳಲ್ಲೂ ಹೇರಳವಾಗಿ ಬರುತ್ತಿರುವ ಅದ್ಭುತ ಪ್ರಣಯಕಥೆಗಳ ಖಡ್ಗಧಾರಿಣಿಯರಿಗೆ ಅವಳು ನಮ್ಮ ಕಡೆಯ ಹಿರಿಯಕ್ಕನಂತೆ ಕಾಣುವುದು ಸಹಜ. ಪ್ರಸ್ತುತ ಲೇಖನವು ಈ ರೂಢಿಯನ್ನು ಒಪ್ಪುವುದಿಲ್ಲ. ಪ್ರಮೀಳೆಯಲ್ಲಿ ಬದಲಾಗಿರುವುದು ವೇಷ, ಕ್ರಿಯೆಯಲ್ಲ. ನಿಜವಾದ ವಿಪರ್ಯಯವನ್ನು ಕಾಣಬೇಕಾದರೆ ನಾವು ಸತ್ತ ಅಥವಾ ಸತ್ತಂತಿರುವ ಗಂಡಸಿನ ಪಕ್ಕದಲ್ಲಿ ಕುಳಿತಿರುವ ಹೆಣ್ಣಿನ ಕಡೆಗೆ ನೋಡಬೇಕು. ಅವಳು ಕಾದಂಬರಿಯಲ್ಲಿದ್ದಾಳೆ, ಅಡುಗೆಮನೆಯ ಕಥೆಗಳಲ್ಲಿದ್ದಾಳೆ, ನಮ್ಮ ಕಾಲದ ರಂಗಭೂಮಿಯಲ್ಲೂ ಇದ್ದಾಳೆ.

ಮೊದಲು ಪ್ರಮೀಳೆಯ ವಿಚಾರ. ವಿದ್ವಾಂಸರು 16–17ನೆಯ ಶತಮಾನಗಳ ನಡುವೆ ಇರಿಸುವ ಲಕ್ಷ್ಮೀಶನ ‘ಜೈಮಿನಿ ಭಾರತ’ವು ವಾರ್ಧಕ ಷಟ್ಪದಿಯಲ್ಲಿ ಧರ್ಮರಾಯನ ಅಶ್ವಮೇಧದ ಕುದುರೆಯನ್ನು ದೇಶದೇಶಗಳಿಗೆ ಕರೆದೊಯ್ಯುತ್ತದೆ. ಸ್ತ್ರೀರಾಜ್ಯವನ್ನು ಮುಟ್ಟುವ ಮೊದಲೇ ಆ ಗಂಡುಕುದುರೆ ಒಂದು ಕೊಳಕ್ಕಿಳಿದು ಹೆಣ್ಣುಕುದುರೆಯಾಗಿ ಮೇಲೇಳುತ್ತದೆ ಎಂಬುದು ಸ್ವಾರಸ್ಯಕರ. ಲಿಂಗವು ಸ್ಥಿರವಲ್ಲದ ನಾಡಿಗೆ ಕಾವ್ಯವು ಕಾಲಿಡಲಿದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಮುನ್ಸೂಚನೆ ಬೇಕಿಲ್ಲ. ಗಂಡಸರು ಬಹುಕಾಲ ಬದುಕಲಾರದ ಆ ನಾಡಿನ ಒಡತಿ ಪ್ರಮೀಳೆ ಕುದುರೆಯನ್ನು ಕಟ್ಟುತ್ತಾಳೆ. ಅರ್ಜುನನನ್ನು ವರಿಸುವ ಇಚ್ಛೆಯನ್ನು ತಾನೇ ಬಾಯಿಬಿಟ್ಟು ಹೇಳುತ್ತಾಳೆ. ಅವನು ಒಪ್ಪದಿದ್ದಾಗ ಯುದ್ಧಕ್ಕೆ ನಿಲ್ಲುತ್ತಾಳೆ. ಯುದ್ಧದಲ್ಲಿ ಅವಳು ಸೋಲುವುದೂ ಇಲ್ಲ. ಅಶರೀರವಾಣಿಯೊಂದು ನಡುವೆ ಬಂದು ಅರ್ಜುನನಿಗೆ ಮದುವೆಯ ದಾರಿಯನ್ನು ತೋರಿಸುತ್ತದೆ. ಅಲ್ಲಿಗೆ ಅವಳ ಕಥೆ ಮುಗಿಯಿತು. ಪ್ರಮೀಳೆಯನ್ನು ಹಸ್ತಿನಾವತಿಗೆ ಕಳುಹಿಸಿ ಕುದುರೆ ಮುಂದೆ ನಡೆಯುತ್ತದೆ. ಅವಳು ಬಿಟ್ಟುಬಂದ ರಾಜ್ಯದ ಗತಿಯೇನಾಯಿತೆಂದು ಕಾವ್ಯಕ್ಕೆ ಕುತೂಹಲವಿಲ್ಲ.

ಸ್ತ್ರೀರಾಜ್ಯದ ಕಲ್ಪನೆ ಲಕ್ಷ್ಮೀಶನದಲ್ಲ, ಜೈಮಿನಿಯದೂ ಅಲ್ಲ. ವಾತ್ಸ್ಯಾಯನನ ‘ಕಾಮಸೂತ್ರ’ದಲ್ಲಿ ಅದರ ಹೆಸರಿದೆ. ಕಲ್ಹಣನ ‘ರಾಜತರಂಗಿಣಿ’ಯಲ್ಲಿ ಲಲಿತಾದಿತ್ಯನು ಗೆದ್ದನೆನ್ನಲಾದ ನಾಡುಗಳ ಪಟ್ಟಿಯಲ್ಲಿ ಅದೂ ಸೇರಿದೆ. ನಾಥಪಂಥದ ಐತಿಹ್ಯದಲ್ಲಿ ಗುರು ಮತ್ಸ್ಯೇಂದ್ರನು ಸ್ತ್ರೀರಾಜ್ಯದ ಮೋಹಕ್ಕೆ ಸಿಕ್ಕು ತನ್ನನ್ನೇ ಮರೆತಾಗ ಶಿಷ್ಯ ಗೋರಕ್ಷನು ಹೋಗಿ ಬಿಡಿಸಿಕೊಂಡು ಬರುತ್ತಾನೆ. ಕ್ರಿ.ಶ. 968ರ ಲೋಕೇಶ್ವರ ವಿಗ್ರಹಕ್ಕೆ ಪ್ರಸಿದ್ಧವಾದ ಮಂಗಳೂರಿನ ಕದ್ರಿಯಲ್ಲಿ ನಾಥಯೋಗಿಗಳ ಮಠ ಇಂದಿಗೂ ಇರುವುದರಿಂದ ಆ ಐತಿಹ್ಯ ಕನ್ನಡ–ತುಳು ನಾಡಿಗೆ ದೂರದ್ದಲ್ಲ. ಈ ಎಲ್ಲ ಉಲ್ಲೇಖಗಳಲ್ಲೂ ಸ್ತ್ರೀರಾಜ್ಯವೆಂಬುದು ಗಂಡಸು ಗೆಲ್ಲಬೇಕಾದ, ತಪ್ಪಿಸಿಕೊಳ್ಳಬೇಕಾದ, ಇಲ್ಲವೇ ಮದುವೆಯಾಗಿ ಮುಗಿಸಬೇಕಾದ ಸ್ಥಳ. ಅದನ್ನು ಕಲ್ಪಿಸಿಕೊಂಡವರು ಅದರ ಹೊರಗೆ ನಿಂತಿದ್ದಾರೆ. 1905ರಲ್ಲಿ ಬಂಗಾಳದ ಬೇಗಂ ರೊಕೆಯಾ ಅವರು ‘ಸುಲ್ತಾನಾಸ್ ಡ್ರೀಮ್’ ಎಂಬ ಇಂಗ್ಲಿಷ್ ಕಥೆಯಲ್ಲಿ ಗಂಡಸರು ಒಳಮನೆಯಲ್ಲಿದ್ದು ಹೆಂಗಸರು ಲೋಕ ನಡೆಸುವ ನಾಡನ್ನು ಚಿತ್ರಿಸಿದಾಗ ಮಾತ್ರ ಈ ಹಳೆಯ ಕಲ್ಪನೆ ಒಳಗಿನಿಂದ ಬರೆಯಲ್ಪಟ್ಟಿತು. ಆದರೆ ಅಲ್ಲಿ ಪ್ರಣಯವಿಲ್ಲ.

ಯಕ್ಷಗಾನದಲ್ಲಿ ಪ್ರಮೀಳೆ, ಮೀನಾಕ್ಷಿ, ಶಶಿಪ್ರಭೆ ಮೊದಲಾದ ವೀರನಾಯಕಿಯರಿಗೆ ‘ಕಸೆ ಸ್ತ್ರೀವೇಷ’ ಎಂಬ ಪ್ರತ್ಯೇಕ ವರ್ಗವೇ ಇದೆ. ಸೀರೆಯ ಲಾಲಿತ್ಯದ ಬದಲು ಪುಂಡುವೇಷದ ಚುರುಕನ್ನು ಬೇಡುವ ಈ ಪಾತ್ರಗಳನ್ನು ಪರಂಪರೆಯಲ್ಲಿ ಗಂಡಸರೇ ಮಾಡುತ್ತ ಬಂದರು. ಹೆಣ್ಣಾಗಿರುವ ಗಂಡು, ಗಂಡಿನಂತೆ ಯುದ್ಧಮಾಡುವ ಹೆಣ್ಣಾಗಿ ಕುಣಿಯುವ ಈ ಪದರಪದರದ ಆಟ ರಂಗದ ಮೇಲೆ ಬಹಳ ರಂಜಕ. ವೇಷದ ವಿಪರ್ಯಯಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಗದು. ಮೀನಾಕ್ಷಿಯ ಕಥೆಯಲ್ಲಂತೂ ತಕ್ಕ ವರನನ್ನು ಕಂಡೊಡನೆ ಅವಳ ಮೂರನೆಯ ಸ್ತನ ಮಾಯವಾಗಿ ಶೌರ್ಯ ನಾಚಿಕೆಯಾಗಿ ಮಾರ್ಪಡುತ್ತದೆ. ದಿಗ್ವಿಜಯಕ್ಕೆ ಹೊರಟವಳು ಮದುವೆ ಮಂಟಪಕ್ಕೆ ಬಂದು ನಿಲ್ಲುತ್ತಾಳೆ.

ಹೆಣ್ಣು ಗಂಡನ್ನು ಬೆನ್ನಟ್ಟುವ ಕಥನಗಳೂ ಹಳಗನ್ನಡ–ನಡುಗನ್ನಡಗಳಲ್ಲಿ ವಿರಳವಲ್ಲ. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಬನವಸೆಯ ಮಾಯೆ ಮದ್ದಳೆ ನುಡಿಸುವ ಅಲ್ಲಮನನ್ನು ಬಯಸಿ ಹಿಂಬಾಲಿಸುತ್ತಾಳೆ, ಅವನು ಕೈಗೆ ಸಿಗುವುದಿಲ್ಲ. 1209ರ ಜನ್ನನ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಇರುಳಿನ ಹಾಡೊಂದಕ್ಕೆ ಮನಸೋತು ಕುರೂಪಿಯಾದ ಮಾವಟಿಗನನ್ನು ತಾನೇ ಆರಿಸಿಕೊಳ್ಳುತ್ತಾಳೆ. ಎರಡು ಕಡೆಯೂ ಬಯಕೆಯ ಕರ್ತೃ ಹೆಣ್ಣು. ಆದರೆ ಒಬ್ಬಳು ಮಾಯೆಯೆಂಬ ತತ್ತ್ವದ ರೂಪಕವಾಗುತ್ತಾಳೆ, ಇನ್ನೊಬ್ಬಳು ಪಾಪದ ನಿದರ್ಶನವಾಗುತ್ತಾಳೆ. ಜನ್ನನ ಹಾಡಿನ ಪ್ರಸಂಗ ಇಂದಿಗೂ ಓದುಗನನ್ನು ಕಾಡುವುದು ಕವಿಯ ಧರ್ಮೋಪದೇಶವನ್ನು ಮೀರಿದ ಏನೋ ಅದರಲ್ಲಿರುವುದರಿಂದ. ಹಾಗಿದ್ದರೂ ಕಥೆಯ ನ್ಯಾಯತೀರ್ಪನ್ನು ಬರೆದವನು ಅವಳ ಪರವಾಗಿಲ್ಲ.

ಇನ್ನು ಕಾದಂಬರಿಯ ಕಥೆಗೆ ಬರೋಣ. ಅಚ್ಛೋದ ಸರೋವರದ ದಡದಲ್ಲಿ ತಪಸ್ವಿನಿ ಮಹಾಶ್ವೇತೆ ವೀಣೆ ನುಡಿಸುತ್ತಿರುವಾಗ ಚಂದ್ರಾಪೀಡನು ಅವಳನ್ನು ಕಾಣುತ್ತಾನೆ. ಅವಳು ಹೇಳುವ ತನ್ನ ಕಥೆ ಹೀಗಿದೆ: ಮುನಿಕುಮಾರ ಪುಂಡರೀಕನು ಅವಳನ್ನು ಕಂಡು ವಿರಹದಿಂದ ಬೆಂದ, ಅವಳು ಮರ್ಯಾದೆಯ ಕಟ್ಟನ್ನು ಬಿಟ್ಟು ಇರುಳಿನಲ್ಲಿ ಅವನಿದ್ದಲ್ಲಿಗೆ ಹೊರಟಳು, ತಲುಪುವಷ್ಟರಲ್ಲಿ ಅವನು ವಿರಹತಾಪದಿಂದಲೇ ಸತ್ತಿದ್ದ. ನಮ್ಮ ಅಲಂಕಾರಶಾಸ್ತ್ರವು ವಿರಹದ ದಶಾವಸ್ಥೆಗಳನ್ನು ಎಣಿಸುವಾಗ ಕೊನೆಯದಾಗಿ ಮರಣವನ್ನು ಹೇಳುತ್ತದೆಯಾದರೂ, ಕಾವ್ಯಗಳಲ್ಲಿ ತಾವರೆಯ ಎಲೆಯ ಮೇಲೆ ಒರಗಿ ಸೊರಗುವ ಕೆಲಸ ಸಾಮಾನ್ಯವಾಗಿ ನಾಯಿಕೆಯದು. ಇಲ್ಲಿ ಆ ದಶೆಯನ್ನು ಕೊನೆಯವರೆಗೆ ಅನುಭವಿಸುವವನು ಗಂಡು. ನಡೆದು ಹೋಗುವವಳು, ಬದುಕಿ ಉಳಿಯುವವಳು, ನಡೆದುದನ್ನು ನೆನಪಿಟ್ಟು ಹೇಳುವವಳು ಹೆಣ್ಣು.

ಇಷ್ಟಕ್ಕೇ ನಿಲ್ಲುವುದಿಲ್ಲ. ಚಂದ್ರಾಪೀಡನ ಗೆಳೆಯ ವೈಶಂಪಾಯನನು ಅದೇ ಸರೋವರಕ್ಕೆ ಬಂದು ಮಹಾಶ್ವೇತೆಯನ್ನು ಪ್ರಣಯದ ಮಾತುಗಳಿಂದ ಪೀಡಿಸಿದಾಗ ಅವಳು, ಗಿಳಿಯಂತೆ ಹೇಳಿದ್ದನ್ನೇ ಹೇಳುವ ನೀನು ಗಿಳಿಯಾಗಿಯೇ ಹುಟ್ಟು ಎಂಬರ್ಥದಲ್ಲಿ ಶಪಿಸುತ್ತಾಳೆ. ಅವನು ಸಾಯುತ್ತಾನೆ. ಆ ಸುದ್ದಿ ಕೇಳಿ ಚಂದ್ರಾಪೀಡನ ಎದೆಯೊಡೆಯುತ್ತದೆ. ಸತ್ತ ವೈಶಂಪಾಯನನೇ ಪುಂಡರೀಕನ ಮರುಹುಟ್ಟು, ತಾನು ಶಪಿಸಿದ್ದು ತಾನು ಕಾಯುತ್ತಿದ್ದವನನ್ನೇ ಎಂದು ಮಹಾಶ್ವೇತೆಗೆ ತಿಳಿಯುವುದು ಆಮೇಲೆ. ಹೀಗೆ ಕಥೆಯ ಗಂಡಸರೆಲ್ಲ ಒಬ್ಬೊಬ್ಬರಾಗಿ ಪ್ರಜ್ಞೆ ತಪ್ಪಿದ, ಜನ್ಮ ತಪ್ಪಿದ ಸ್ಥಿತಿಗೆ ಹೋಗುತ್ತಾರೆ. ಕಾದಂಬರಿಯು ಚಂದ್ರಾಪೀಡನ ಕೆಡದ ದೇಹವನ್ನು ದಿನದಿನವೂ ಪರಿಚರಿಸುತ್ತ ಕುಳಿತುಕೊಳ್ಳುತ್ತಾಳೆ. ಕೊನೆಗೊಂದು ವಸಂತದಲ್ಲಿ ಅವಳು ಆ ದೇಹವನ್ನು ಅಪ್ಪಿಕೊಂಡಾಗ ಅವನು ಕಣ್ಣು ತೆರೆಯುತ್ತಾನೆ. 1697ರಲ್ಲಿ ಫ್ರಾನ್ಸಿನ ಪೆರೋ ಪ್ರಕಟಿಸಿದ ನಿದ್ರಾಸುಂದರಿಯ ಕಥೆಯನ್ನು ಓದಿ ಬೆಳೆದವರಿಗೆ, ಅದಕ್ಕೆ ಸಾವಿರ ವರ್ಷ ಮೊದಲೇ ಪಾತ್ರಗಳು ತಿರುವುಮುರುವಾಗಿ ನಿಂತ ಈ ಚಿತ್ರ ಬೆರಗು ಹುಟ್ಟಿಸದಿರದು. ಹೋಲಿಕೆಗಾಗಿ ಹೇಳುವುದಾದರೆ, 12ನೆಯ ಶತಮಾನದ ಕೊನೆಯ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ವು ಕನ್ನಡದ ಮೊದಲ ಶೃಂಗಾರಕಾವ್ಯವೆಂಬ ಕೀರ್ತಿ ಪಡೆದಿದ್ದರೂ, ಅದರಲ್ಲಿ ನಾಯಕ–ನಾಯಿಕೆ ಇಬ್ಬರೂ ಕನಸು ಕಾಣುತ್ತಾರೆ, ಹುಡುಕಿ ಹೊರಡುವವನು ಮಾತ್ರ ನಾಯಕ.

ಜೈಮಿನಿ ಭಾರತದೊಳಗೂ ಇದೇ ಚಿತ್ರವಿದೆ, ಆದರೆ ಪ್ರಮೀಳೆಯ ಸಂಧಿಯಲ್ಲಲ್ಲ. ಮಗ ಪ್ರವೀರನ ಸೋಲನ್ನು ಸಹಿಸದ ಜ್ವಾಲೆ ಗಂಡನನ್ನು ತೊರೆದು, ಅಣ್ಣನಲ್ಲೂ ನೆರವು ಕಾಣದೆ, ಗಂಗೆಯಿಂದ ಅರ್ಜುನನಿಗೆ ಶಾಪ ಕೊಡಿಸಿ, ತಾನು ಬೆಂಕಿಗೆ ಬಿದ್ದು ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಆ ಬಾಣವೇ ಅರ್ಜುನನ ತಲೆಯನ್ನು ಹಾರಿಸುತ್ತದೆ. ಅಲ್ಲಿಂದ ಮುಂದೆ ರಣರಂಗದಲ್ಲಿ ಸತ್ತ ಅರ್ಜುನನ ಪಕ್ಕದಲ್ಲಿರುವವರು ಚಿತ್ರಾಂಗದೆ ಮತ್ತು ಉಲೂಪಿ. ಒಂದು ಕಾಲದಲ್ಲಿ ಗಂಗೆಯ ನೀರಿನಡಿಯಿಂದ ಕೈನೀಡಿ ಅರ್ಜುನನನ್ನು ತನ್ನ ಲೋಕಕ್ಕೆ ಎಳೆದೊಯ್ದ ನಾಗಕನ್ಯೆಯೇ ಈ ಉಲೂಪಿ. ಸತ್ತವನನ್ನು ಎಬ್ಬಿಸುವ ಸಂಜೀವನಮಣಿಯ ತಿಳಿವಳಿಕೆ ಇರುವುದು ಅವಳಿಗೆ. ವ್ಯಾಸಭಾರತದಲ್ಲಿ ಅವಳೇ ಮಣಿಯನ್ನು ತರಿಸಿ ಅರ್ಜುನನನ್ನು ಬದುಕಿಸುತ್ತಾಳೆ. ಜೈಮಿನಿಯ ಪರಂಪರೆಯಲ್ಲಿ ಕೃಷ್ಣನ ಮಹಿಮೆ ಹೆಚ್ಚಿ ಅವಳ ಪಾಲು ತುಸು ಕಿರಿದಾಗಿದೆ. ಭಕ್ತಿಯು ಬೆಳೆದಂತೆ ಹೆಣ್ಣಿನ ಮಾಂತ್ರಿಕ ಶಕ್ತಿಯನ್ನು ದೇವರು ವಹಿಸಿಕೊಳ್ಳುವ ಈ ಬಗೆ ಬೇರೆಯೇ ಅಧ್ಯಯನಕ್ಕೆ ಯೋಗ್ಯ.

ಈ ಕಾವ್ಯಗಳಿಗೂ ಜನಪದ ಕಥೆಗಳಿಗೂ ಇರುವ ನಂಟನ್ನು ಬಿಡಿಸಿ ನೋಡಲು ನಮಗೆ ಅವಕಾಶ ಮಾಡಿಕೊಟ್ಟವರು ಎ.ಕೆ. ರಾಮಾನುಜನ್. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ 1993ರಲ್ಲಿ ಷಿಕಾಗೊದಲ್ಲಿ ತೀರಿಕೊಂಡ ಈ ಕವಿ–ವಿದ್ವಾಂಸರು 1950ರ ದಶಕದಿಂದಲೇ ಕನ್ನಡ ಕಥೆಗಳನ್ನು ಸಂಗ್ರಹಿಸುತ್ತ ಬಂದರು. 1991ರಲ್ಲಿ ಪ್ರಕಟವಾದ ಅವರ ಭಾರತೀಯ ಜನಪದ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಕನ್ನಡದಿಂದ ಆರಿಸಿದ ಒಂದು ಕಥೆಯಿದೆ: ಸತ್ತ ರಾಜಕುಮಾರ ಮತ್ತು ಮಾತಾಡುವ ಗೊಂಬೆ. ಹೆಣವೇ ನಿನಗೆ ಗಂಡನೆಂದು ಭವಿಷ್ಯ ಕೇಳಿದ ಹುಡುಗಿ, ಅದರಿಂದ ತಪ್ಪಿಸಿಕೊಳ್ಳಲು ಹೊರಟ ತಂದೆತಾಯಿಗಳಿಂದ ಬೇರೆಯಾಗಿ, ಬೀಗಮುದ್ರೆ ಬಿದ್ದ ಮನೆಯೊಂದರೊಳಗೆ ಸಿಕ್ಕಿಕೊಳ್ಳುತ್ತಾಳೆ. ಒಳಗೆ ಒಬ್ಬ ಸತ್ತ ಗಂಡಸು ಮಲಗಿದ್ದಾನೆ. ಹನ್ನೆರಡು ವರ್ಷ ಅವನ ಸೇವೆ ಮಾಡುತ್ತಾಳೆ. ಒಂಟಿತನ ತಾಳಲಾರದೆ ದೊಂಬರ ಹುಡುಗಿಯೊಬ್ಬಳನ್ನು ಜೊತೆಗೆ ಕರೆದುಕೊಳ್ಳುತ್ತಾಳೆ. ಅವನು ಎಚ್ಚರಗೊಳ್ಳುವ ಗಳಿಗೆಯಲ್ಲಿ ಪಕ್ಕದಲ್ಲಿದ್ದವಳು ಆ ಜೊತೆಗಾತಿ. ಅವಳೇ ಹೆಂಡತಿಯಾಗುತ್ತಾಳೆ, ಹನ್ನೆರಡು ವರ್ಷ ದುಡಿದವಳು ಆಳಾಗುತ್ತಾಳೆ. ಕೊನೆಗೆ ಅವಳು ಒಂದು ಗೊಂಬೆಯ ಮುಂದೆ ಇರುಳಿನಲ್ಲಿ ತನ್ನ ಕಥೆ ಹೇಳಿಕೊಳ್ಳುತ್ತಿರುವುದು ರಾಜಕುಮಾರನ ಕಿವಿಗೆ ಬಿದ್ದು ಸತ್ಯ ಹೊರಬರುತ್ತದೆ.

ಜನಪದ ಕಥೆಗಳ ಅಂತರರಾಷ್ಟ್ರೀಯ ವರ್ಗಸೂಚಿಯಲ್ಲಿ ನಿದ್ರಾಸುಂದರಿಯ ಮಾದರಿ 410ನೆಯದು. ಸ್ಥಾನ ಕಳೆದುಕೊಂಡ ವಧುವಿನ ಈ ಮಾದರಿ 437ನೆಯದು. ಇದು ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಇಟಲಿಯ ಬಸಿಲೆಯ ‘ಪೆಂಟಮೆರೊನೆ’ (1634–36) ಎಂಬ ಕಥಾಸಂಗ್ರಹದ ಚೌಕಟ್ಟೇ ಈ ಕಥೆ: ಅಲ್ಲಿ ಝೋಝಾ ಎಂಬ ರಾಜಕುಮಾರಿ ಸತ್ತಂತೆ ಮಲಗಿದ ರಾಜಕುಮಾರನನ್ನು ಎಬ್ಬಿಸಲು ಹೂಜಿಯೊಂದನ್ನು ಕಣ್ಣೀರಿನಿಂದ ತುಂಬಬೇಕು, ಇನ್ನೇನು ತುಂಬಿತು ಎನ್ನುವಾಗ ನಿದ್ದೆ ಬಂದು, ದಾಸಿಯೊಬ್ಬಳು ಉಳಿದಷ್ಟನ್ನು ತುಂಬಿ ರಾಣಿಯಾಗುತ್ತಾಳೆ. ಅಲ್ಲಿಯೂ ಒಂದು ಗೊಂಬೆ ಬರುತ್ತದೆ. ಅದು ಆ ದಾಸಿಗೆ ಕಥೆ ಕೇಳುವ ತೀರದ ಹಂಬಲ ಹುಟ್ಟಿಸುತ್ತದೆ. ಹೇಳಿದ ಕಥೆಗಳೇ ಗುಟ್ಟನ್ನು ಒಡೆಯುತ್ತವೆ. ನೇಪಲ್ಸಿನ ಆಸ್ಥಾನದ ಲೇಖಕನಿಗೂ ನಮ್ಮ ಹಳ್ಳಿಯ ಕಥೆಗಾರ್ತಿಗೂ ಸತ್ತ ಗಂಡು, ದುಡಿದ ಹೆಣ್ಣು, ಕದ್ದ ಸ್ಥಾನ, ಗೊಂಬೆ ಈ ನಾಲ್ಕೂ ಒಟ್ಟಿಗೇ ಹೊಳೆದದ್ದು ಆಕಸ್ಮಿಕವಾಗಿರಲಾರದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗುವುದು ಅಪ್ರಾಮಾಣಿಕವಾದೀತು. ಹನ್ನೆರಡು ವರ್ಷ ಹೆಣದ ಸೇವೆ ಮಾಡುವುದು ಪಾತಿವ್ರತ್ಯದ ಪರಾಕಾಷ್ಠೆಯಲ್ಲವೆ? ಇದನ್ನು ಪಾತ್ರವಿಪರ್ಯಯವೆಂದು ಕರೆಯುವುದು ಹೇಗೆ? ಆಕ್ಷೇಪದಲ್ಲಿ ತಿರುಳಿದೆ. ಕಾದಂಬರಿಯ ಕಾಯುವಿಕೆಯಲ್ಲಿಯೂ, ಈ ಹುಡುಗಿಯ ಸೇವೆಯಲ್ಲಿಯೂ ಪಿತೃಪ್ರಧಾನ ಸಮಾಜವು ಹೆಣ್ಣಿನಿಂದ ಬಯಸುವ ತಾಳ್ಮೆಯ ನೆರಳಿದೆ. ಆದರೆ ಕಥನದ ರಚನೆಯನ್ನು ನೋಡಬೇಕು. ಸಾಮಾನ್ಯ ಪ್ರಣಯಕಥೆಯಲ್ಲಿ ಗಂಡು ಕ್ರಿಯೆಯ ಕರ್ತೃ, ಹೆಣ್ಣು ಕ್ರಿಯೆಯ ಫಲ. ಇಲ್ಲಿ ಗಂಡು ಮಲಗಿದ್ದಾನೆ. ಅವನಿಗೆ ಮಾತಿಲ್ಲ, ಆಯ್ಕೆಯಿಲ್ಲ. ಯಾರು ತನ್ನನ್ನು ಎಬ್ಬಿಸಿದರೆಂಬ ತಿಳಿವೂ ಇಲ್ಲ. ಎಚ್ಚರವಾದ ಮೇಲೂ ಅವನು ಮೋಸಹೋಗುವವನು. ಕಥೆಯ ಬಿಕ್ಕಟ್ಟು ಅವನು ಏಳುವುದರಿಂದ ಪರಿಹಾರವಾಗುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ರಾಮಾನುಜನ್ ಸ್ತ್ರೀಕೇಂದ್ರಿತ ಕಥೆಗಳ ಬಗ್ಗೆ ಗುರುತಿಸಿದ ಮುಖ್ಯ ಲಕ್ಷಣವೂ ಇದೇ: ರಾಜಕುಮಾರನ ಕಥೆ ಮದುವೆಯಲ್ಲಿ ಮುಗಿಯುತ್ತದೆ, ಹೆಂಗಸರು ಹೇಳುವ ಕಥೆ ಮದುವೆಯಿಂದ ಆರಂಭವಾಗುತ್ತದೆ. ಪ್ರಮೀಳೆ ಮದುವೆಯ ಹೊಸ್ತಿಲಲ್ಲಿ ಕಥೆಯಿಂದ ಹೊರಟುಹೋಗುತ್ತಾಳೆ. ಹೆಸರೇ ಇಲ್ಲದ ಈ ಹುಡುಗಿ ಅಲ್ಲಿಂದ ಒಳಗೆ ಬರುತ್ತಾಳೆ. ಅವಳು ಕೇಳುವುದು ರಾಜ್ಯವನ್ನಲ್ಲ, ತಾನು ಮಾಡಿದ್ದನ್ನು ಯಾರಾದರೂ ಕೇಳಿಸಿಕೊಳ್ಳಲಿ ಎಂಬುದನ್ನು. ದುಡಿಮೆ ತನ್ನದಾಗಿ ಹೆಸರು ಬೇರೆಯವರದಾದ ಅನುಭವವಿರುವ ಯಾವ ಹೆಂಗಸಿಗೂ ಈ ಕಥೆ ಅದ್ಭುತವೆನಿಸದು. ಜೊತೆಗೇ ಒಂದು ಮಾತು ಹೇಳಬೇಕು: ಆ ದೊಂಬರ ಹುಡುಗಿಯನ್ನು ಕಥೆ ನಡೆಸಿಕೊಳ್ಳುವ ರೀತಿ ನಿರ್ದಯವಾದುದು. ಮೇಲುಜಾತಿಯ ಹೆಣ್ಣಿನ ನ್ಯಾಯಕ್ಕಾಗಿ ಅಲೆಮಾರಿ ಹೆಣ್ಣು ಕಳ್ಳಿಯಾಗಬೇಕಾಗುತ್ತದೆ. ಬಸಿಲೆಯಲ್ಲೂ ಆ ಸ್ಥಾನದಲ್ಲಿರುವವಳು ಕಪ್ಪು ಬಣ್ಣದ ದಾಸಿ. ಲಿಂಗದ ಪಾತ್ರ ತಿರುವಾದಲ್ಲಿ ಜಾತಿ–ವರ್ಗಗಳ ಪಾತ್ರ ಹಾಗೆಯೇ ಉಳಿಯಬಲ್ಲದು.

ಅಡುಗೆಮನೆಯಿಂದ ಈ ಕಥೆಗಳು ನಗರದ ರಂಗಭೂಮಿಗೆ ಬಂದ ದಾರಿಯಲ್ಲಿ ಗಿರೀಶ ಕಾರ್ನಾಡರ ಪಾತ್ರ ದೊಡ್ಡದು. ಬಹುಕಾಲ ದಕ್ಷಿಣ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಾಸವಾಗಿದ್ದು 2019ರಲ್ಲಿ ತೀರಿಕೊಂಡ ಅವರ ನಾಟಕಗಳಲ್ಲಿ ಮೂರು ಈ ಚರ್ಚೆಗೆ ನೇರವಾಗಿ ಸಂಬಂಧಿಸಿವೆ. ಜನ್ನನ ಅಮೃತಮತಿಯ ಕಥೆಯನ್ನೇ ಅವರು ‘ಹಿಟ್ಟಿನ ಹುಂಜ’ದಲ್ಲಿ ಎತ್ತಿಕೊಂಡು ರಾಣಿಗೆ ತನ್ನ ಪರವಾಗಿ ಮಾತಾಡುವ ಅವಕಾಶ ಕೊಟ್ಟರು, ಅದು ಪ್ರತ್ಯೇಕ ಚರ್ಚೆಯ ವಿಷಯ. ‘ಹಯವದನ’ (1971) ಮತ್ತು ‘ನಾಗಮಂಡಲ’ (1988)ಗಳಲ್ಲಿ ನಾವು ಈವರೆಗೆ ಹಿಂಬಾಲಿಸಿದ ಚಿತ್ರವೇ ಮರಳಿ ಬರುತ್ತದೆ.

‘ಹಯವದನ’ದ ಪದ್ಮಿನಿ ಕಾಳಿಯ ಗುಡಿಯಲ್ಲಿ ಇಬ್ಬರು ಸತ್ತ ಗಂಡಸರ ನಡುವೆ ನಿಂತಿದ್ದಾಳೆ. ಕಥಾಸರಿತ್ಸಾಗರದ ಬೇತಾಳ ಕಥೆಯಿಂದ ಹೊರಟು ಜರ್ಮನಿಯ ಥಾಮಸ್ ಮನ್ನನ 1940ರ ಕಿರುಕಾದಂಬರಿಯ ಮೂಲಕ ಬಂದ ವಸ್ತು ಇದು. ಅವರನ್ನು ಬದುಕಿಸುವ ವರ ಅವಳಿಗೆ ಸಿಗುತ್ತದೆ, ತಲೆಗಳನ್ನು ಜೋಡಿಸುವ ಕೈ ಅವಳದು, ತಲೆಗಳು ಅದಲುಬದಲಾಗುತ್ತವೆ. ಬೇತಾಳನಿಗೆ ಆಸಕ್ತಿಯಿದ್ದದ್ದು ಗಂಡ ಯಾರೆಂಬ ಒಗಟಿನಲ್ಲಿ. ಕಾರ್ನಾಡರಿಗೆ ಆಸಕ್ತಿಯಿರುವುದು ಆ ಕೈಗೆ ಏನು ಬೇಕಾಗಿತ್ತು ಎಂಬುದರಲ್ಲಿ: ದೇವದತ್ತನ ಬುದ್ಧಿ, ಕಪಿಲನ ಮೈ ಎರಡೂ ಒಬ್ಬನಲ್ಲೇ ಬೇಕೆಂಬ ಬಯಕೆ. ಲೋಕವು ಗಂಡಿನ ಬಹುಪತ್ನೀತ್ವವನ್ನು ಬಯಕೆಯೆಂದೇ ಒಪ್ಪಿಕೊಂಡು, ಹೆಣ್ಣಿನ ಇಂಥ ಬಯಕೆಯನ್ನು ಗೊಂದಲವೆಂದು ಕರೆದದ್ದನ್ನು ನಾಟಕ ನಗುನಗುತ್ತಲೇ ಎತ್ತಿ ತೋರಿಸುತ್ತದೆ. ಎರಡನೆಯ ಬಾರಿ ಅವರಿಬ್ಬರೂ ಪರಸ್ಪರ ಕೊಂದುಕೊಂಡಾಗ ಪದ್ಮಿನಿ ಯಾವ ದೇವಿಯನ್ನೂ ಕರೆಯುವುದಿಲ್ಲ. ಮಗನ ವ್ಯವಸ್ಥೆಯನ್ನು ಭಾಗವತನಿಗೆ ಒಪ್ಪಿಸಿ ಚಿತೆಯೇರುತ್ತಾಳೆ. ಕಾದಂಬರಿಯಿಂದ ಹಿಡಿದು ಸತ್ತವರನ್ನು ಎಬ್ಬಿಸುತ್ತ ಬಂದ ಹೆಣ್ಣು ಇಲ್ಲಿ ಎಬ್ಬಿಸಲು ಮುಂದಾಗುವುದಿಲ್ಲ. ಆ ಸತಿಹೋಗುವಿಕೆಯನ್ನು ಶರಣಾಗತಿಯೆಂದು ಓದಿದ ವಿಮರ್ಶಕರಿದ್ದಾರೆ. ನನಗೆ ಅದು ಬೇಸತ್ತವಳ ನಿರ್ಧಾರವಾಗಿ ಕಾಣುತ್ತದೆ, ಆದರೂ ಬೆಂಕಿಯ ಹೊರತು ಬೇರೊಂದು ದಾರಿಯನ್ನು ನಾಟಕಕಾರರು ಅವಳಿಗೆ ಕಾಣಿಸಲಿಲ್ಲವೆಂಬ ಅಸಮಾಧಾನ ಉಳಿದೇ ಇದೆ.

ಆ ಅಸಮಾಧಾನಕ್ಕೆ ಉತ್ತರವೆಂಬಂತೆ ಬಂದದ್ದು ‘ನಾಗಮಂಡಲ’. ರಾಮಾನುಜನ್ ಅವರಿಂದ ಕೇಳಿದ ಎರಡು ಕಥೆಗಳು ಇದರ ಆಧಾರವೆಂದು ಕಾರ್ನಾಡರೇ ಹೇಳಿದ್ದಾರೆ. ಒಂದು, ಹಾವು ಗಂಡನ ರೂಪದಲ್ಲಿ ಬರುವ ಕಥೆ. ಇನ್ನೊಂದು, ತನಗೆ ಗೊತ್ತಿದ್ದ ಕಥೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸಿನ ಕಥೆ. ಮಾತಾಡುವ ಗೊಂಬೆಯ ಕಥೆಯನ್ನು ಬಲ್ಲವರಿಗೆ ಈ ಎರಡನೆಯದರ ಮಹತ್ವ ಕೂಡಲೇ ಹೊಳೆಯುತ್ತದೆ. ಅಪ್ಪಣ್ಣ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಹಾಕುತ್ತಾನೆ. ಇರುಳಿನಲ್ಲಿ ನಾಗಪ್ಪ ಅವನ ರೂಪದಲ್ಲಿ ಬಂದು ಅವಳನ್ನು ಕೇಳಿಸಿಕೊಳ್ಳುತ್ತಾನೆ, ಒಲಿಸುತ್ತಾನೆ. ಹುತ್ತಕ್ಕೆ ಕೈಯಿಕ್ಕಿ ಹಾವು ಹಿಡಿದು ಸತ್ಯ ಮಾಡುವ ರಾಣಿಯನ್ನು ಊರು ದೇವಿಯೆಂದು ಕೈಮುಗಿಯುತ್ತದೆ. ಅಪ್ಪಣ್ಣನಿಗೂ ಅವಳ ಮುಂದೆ ತಲೆಬಾಗದೆ ಗತಿಯಿಲ್ಲ. ಪಾತಿವ್ರತ್ಯದ ಪರೀಕ್ಷೆಯನ್ನು ಅವಳು ಗೆಲ್ಲುವುದು ಅಕ್ಷರಶಃ ಸತ್ಯವನ್ನೇ ಹೇಳಿ. ಹೀಗಾಗಿ ಅವಳ ಸತ್ಯ ಸುಳ್ಳೂ ಅಲ್ಲ, ಊರು ತಿಳಿದ ಸತ್ಯವೂ ಅಲ್ಲ.

ಆಮೇಲೆ ಮತ್ತೆ ಅದೇ ಚಿತ್ರ: ಸತ್ತ ಗಂಡಿನ ಪಕ್ಕದಲ್ಲಿ ಹೆಣ್ಣು. ಅವಳ ಕೂದಲಿನಲ್ಲೇ ಉರುಳು ಹಾಕಿಕೊಂಡು ನಾಗ ಸಾಯುತ್ತಾನೆ. ರಾಣಿ ಅವನನ್ನು ಎಬ್ಬಿಸಲಾರಳು. ಅವಳು ಕೇಳುವುದು ಸಂಸ್ಕಾರವನ್ನು. ತನ್ನ ಮಗನ ಕೈಯಿಂದಲೇ ಆ ಹಾವಿಗೆ ಸಂಸ್ಕಾರವಾಗಲಿ ಎನ್ನುತ್ತಾಳೆ, ಗಂಡ ಒಪ್ಪುತ್ತಾನೆ. ತಂದೆಯಾರೆಂಬುದನ್ನು ಬಾಯಿಬಿಟ್ಟು ಹೇಳದೆ ತಂದೆಗೆ ಸಲ್ಲಬೇಕಾದುದನ್ನು ಸಲ್ಲಿಸುವ ಉಪಾಯ ಇದು. ಆದರೆ ಕಥೆ ಕೇಳಲು ಗುಡಿಯಲ್ಲಿ ನೆರೆದ ಜ್ಯೋತಿಗಳಿಗೆ ಇಷ್ಟು ಸಾಲದು. ಅವುಗಳ ಒತ್ತಾಯಕ್ಕೆ ನಾಟಕ ಮತ್ತೊಂದು ಅಂತ್ಯವನ್ನು ಕಟ್ಟುತ್ತದೆ. ಅದರಲ್ಲಿ ನಾಗ ಬದುಕಿದ್ದಾನೆ, ರಾಣಿ ಅವನನ್ನು ತನ್ನ ಜಡೆಯೊಳಗೆ ಇರಿಸಿಕೊಳ್ಳುತ್ತಾಳೆ. ಕೇಳುಗರು ಕೇಳಿದ್ದರಿಂದ ಕಥೆ ಬದಲಾಯಿತು, ಸತ್ತವನು ಬದುಕಿದ. ಜೆ.ಪಿ. ನಗರದ ಎರಡನೆಯ ಹಂತದಲ್ಲಿ 2004ರಲ್ಲಿ ಅರುಂಧತಿ ನಾಗ್ ಅವರ ಶ್ರಮದಿಂದ ಶಂಕರನಾಗ್ ನೆನಪಿನಲ್ಲಿ ಆರಂಭವಾದ ರಂಗಶಂಕರದಂಥ ರಂಗಮಂದಿರದಲ್ಲಿ ಕುಳಿತು ನೋಡುವ ಇಂದಿನ ಪ್ರೇಕ್ಷಕರೂ ಆ ಜ್ಯೋತಿಗಳ ಸಾಲಿಗೇ ಸೇರಿದವರು. 1993ರಲ್ಲಿ ಈ ನಾಟಕ ಅಮೆರಿಕದ ಮಿನಿಯಾಪೊಲಿಸ್‌ನ ಗತ್ರಿ ರಂಗಮಂದಿರದಲ್ಲಿ ಪ್ರಯೋಗವಾಯಿತು, 1997ರಲ್ಲಿ ಟಿ.ಎಸ್. ನಾಗಾಭರಣರು ಅದನ್ನು ಚಲನಚಿತ್ರವಾಗಿಸಿದರು.

ನಾಗಕನ್ಯೆಯರು ದೂರದರ್ಶಕದ ಧಾರಾವಾಹಿಗಳಲ್ಲಿ ಮತ್ತೆ ವಿಜೃಂಭಿಸಿದ್ದನ್ನು ಈ ಶತಮಾನದಲ್ಲಿ ಕಂಡಿದ್ದೇವೆ. ಅಲ್ಲಿ ನಾಯಕಿ ಸೇಡು ತೀರಿಸಿಕೊಳ್ಳುವವಳು, ಶಕ್ತಿಶಾಲಿನಿ, ಅಲಂಕೃತೆ, ಪ್ರಮೀಳೆಯ ವಂಶದವಳು. 1970–80ರ ದಶಕಗಳಲ್ಲಿ ಜಯನಗರ, ಬನಶಂಕರಿಗಳಂಥ ಬಡಾವಣೆಗಳ ಬಾಡಿಗೆ ಪುಸ್ತಕದಂಗಡಿಗಳಿಂದ ಮನೆಮನೆಗೆ ಹೋಗುತ್ತಿದ್ದ ಜನಪ್ರಿಯ ಪ್ರಣಯಕಾದಂಬರಿಗಳಲ್ಲಿ ಮಾಂತ್ರಿಕತೆ ಇರಲಿಲ್ಲ. ಆದರೆ ಕಲ್ಲಿನಂಥ ನಾಯಕನ ಮನಸ್ಸನ್ನು ನಾಯಕಿ ತಾಳ್ಮೆಯಿಂದ ಕರಗಿಸುವ ಅವುಗಳ ಕಥಾಬಂಧದಲ್ಲಿ ಸತ್ತ ರಾಜಕುಮಾರನ ಕಥೆಯ ಒಂದು ಸೌಮ್ಯವಾದ ಪಡಿನೆಳಲಿತ್ತು. ದುಡಿದವಳ ಮಾತನ್ನು ಕೇಳಿಸಿಕೊಳ್ಳುವ ಗೊಂಬೆ ಮಾತ್ರ ಅಲ್ಲಿ ಕಾಣೆಯಾಗಿತ್ತು. ಇವುಗಳನ್ನು ಅಗ್ಗದ ಸಾಹಿತ್ಯವೆಂದು ತಳ್ಳಿಹಾಕುವುದು ಸುಲಭ. ಯಾರು ಓದಿದರು, ಏಕೆ ಓದಿದರು ಎಂಬುದನ್ನು ಓದಿದ ಹೆಂಗಸರ ಬಾಯಿಂದಲೇ ಕೇಳಿ ದಾಖಲಿಸುವುದು ಉಪಯುಕ್ತ.

ಗ್ರಂಥಾಲಯಗಳ ಬಗ್ಗೆ ಒಂದು ಮಾತು. ಈ ಲೇಖನದ ಸಿದ್ಧತೆಗಾಗಿ ತಿರುಗಾಡಿದ ಕೆಲವು ಗ್ರಂಥಾಲಯಗಳಲ್ಲಿ ಜೈಮಿನಿ ಭಾರತವು ಪ್ರಾಚೀನ ಕಾವ್ಯದ ಕಪಾಟಿನಲ್ಲಿತ್ತು, ಕಾರ್ನಾಡರು ನಾಟಕದ ಕಪಾಟಿನಲ್ಲಿದ್ದರು. ಹೆಂಗಸರು ಹೇಳಿದ ಜನಪದ ಕಥೆಗಳ ಸಂಗ್ರಹಗಳು ಮಾತ್ರ ಎಷ್ಟೋ ಕಡೆ ಮಕ್ಕಳ ಪುಸ್ತಕಗಳ ನಡುವೆ ಸಿಕ್ಕವು. ಊಟ ಮಾಡಿಸುವಾಗ ಮಕ್ಕಳಿಗೆ ಹೇಳಿದ ಕಥೆಗಳೆಂಬ ಕಾರಣಕ್ಕೆ ಹೀಗೆ ಆಗಿರಬಹುದು. ಆದರೆ ಅಡುಗೆಮನೆಯಲ್ಲಿ ಆ ಹೊತ್ತಿಗೆ ಕೆಲಸ ಮಾಡುತ್ತಲೇ ಕಿವಿಗೊಟ್ಟಿದ್ದ ಅತ್ತೆ, ಸೊಸೆ, ವಿಧವೆಯಾದ ಅತ್ತಿಗೆ, ಪಾತ್ರೆ ತೊಳೆಯಲು ಬಂದವಳು ಇವರೂ ಕೇಳುಗರೇ. ಬಹುತೇಕ ಸಂಗ್ರಹಗಳಲ್ಲಿ ಹೇಳಿದವರ ಹೆಸರು, ಊರು, ವಯಸ್ಸು ಇರುವುದುಂಟು. ಆಗ ಅಲ್ಲಿ ಕುಳಿತು ಕೇಳಿದವರ ದಾಖಲೆ ಅಪರೂಪ. ಹೊಸ ಬಡಾವಣೆಗಳ ಮನೆಗಳಲ್ಲಿ, ಮೈಸೂರು, ಹಾಸನ, ಮಂಡ್ಯಗಳಿಂದ ಬಂದು ಮಕ್ಕಳೊಡನೆ ನೆಲೆಸಿದ ಅಜ್ಜಿಯರಲ್ಲಿ ಸತ್ತ ರಾಜಕುಮಾರನ ಕಥೆಯನ್ನು ಬಲ್ಲವರು ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರು ಹೇಳಿದ ಪಾಠಾಂತರದಲ್ಲಿ ಗೊಂಬೆ ಇರಲಿಲ್ಲ. ಹುಡುಗಿ ಒಲೆಯ ಮುಂದೆ ಕುಳಿತು ಒಲೆಗೇ ಕಥೆ ಹೇಳುತ್ತಾಳೆ, ರಾಜಕುಮಾರ ಬಾಗಿಲ ಹೊರಗೆ ನಿಂತಿರುತ್ತಾನೆ. ಅವನು ಒಳಗೆ ಬಂದನೆ ಎಂದು ಕೇಳಿದ್ದಕ್ಕೆ, ಅದನ್ನು ನಮ್ಮಮ್ಮ ಹೇಳಲಿಲ್ಲ ಎಂದರು.